ಅಮ್ಮ ಎಡಗೈ ಎತ್ತಿದಳು

ನಮ್ಮ ಮನೆ ಮೇಲೆ, ನನ್ನ ಮಗಳು, ಮಗ ನಡೆಸುವ ಹಲ್ಲಿನ ಕ್ಲಿನಿಕ್ಕು ಕೆಳಗೆ. ನಾನು ಬೆಳಗಿನ ಪಾತ್ರೆ ತೊಳೆಯುವ ಹೊತ್ತಿಗೆ ಕೆಳಗೆ ಡ್ರಿಲ್ಲಿನ ಸದ್ದು ಶುರುವಾಗುತ್ತಿತ್ತು. ಅದು ಯಾರ ಕೈಯಲ್ಲಿದೆ ಎಂದು ಕೂತಲ್ಲೇ ಹೇಳುತ್ತಿದ್ದೆ. ಮಗಳದ್ದು ಬಿಟ್ಟು ಬಿಟ್ಟು ಬರುತ್ತಿತ್ತು. ಮಗನದ್ದು ಒಂದೇ ಎಳೆ.

ಮಗಳು ಒಂದೇ ಕುರ್ಚಿ ಹಾಕಿಕೊಂಡು ಶುರು ಮಾಡಿದಾಗ ನೊಣ ಹೊಡೆಯುತ್ತ ಕೂತಿದ್ದಳು. ಬಂದ ನಾಲ್ಕು ಜನರೂ ಸೂಜಿ ಕಂಡರೆ ಬೆವರುವವರೇ. ಆಗ ಅವಳೊಂದು ನಿಯಮ ಮಾಡಿದಳು. ಕುರ್ಚಿಯಲ್ಲಿ ಒರಗಿದವರಿಗೆ ಮೊದಲೇ ಹೇಳುತ್ತಿದ್ದಳು: "ಬಾಯಿ ತೆಗೆದಿದ್ರೆ ಮಾತಾಡಕ್ಕಾಗಲ್ಲ. ಎಡಗೈ ಎತ್ತಿ, ನಿಲ್ಲಿಸ್ತೀನಿ." ಎತ್ತಿದರೆ ನಿಲ್ಲಿಸುತ್ತಿದ್ದಳು. ಕೆಮ್ಮಿಗೆ ಎತ್ತಿದರೂ ಅಷ್ಟೇ, ನಿಜವಾಗಿ ನಿಲ್ಲಿಸುತ್ತಾಳೋ ಇಲ್ಲವೋ ನೋಡೋಣ ಎಂದು ಎತ್ತಿದರೂ ಅಷ್ಟೇ. ಒಬ್ಬ ಲಾರಿ ಡ್ರೈವರ್, ಆನೆಯಂಥ ಆಳು, ಒಂದೇ ಹಲ್ಲಿಗೆ ಕೈ ಎತ್ತಿ ಎತ್ತಿ ಸುಸ್ತಾಗಿ ಕೊನೆಗೆ ಕುರ್ಚಿಯಲ್ಲೇ ಗೊರಕೆ ಹೊಡೆದನಂತೆ. ಮುಂದಿನ ವಾರ ತನ್ನ ಬಳಗವನ್ನೆಲ್ಲ ಕರೆತಂದ. ಹೀಗೇ ಹಜಾರ ತುಂಬಿತು.

ಆಮೇಲೆ ಮಗ ಓದು ಮುಗಿಸಿ ಬಂದ. ಅವನ ಕೈಯೂ ಚಿನ್ನದಂಥದ್ದು, ಇಲ್ಲ ಅನ್ನಲಾರೆ. ಗಾಜಿನ ಬಾಗಿಲು, ಇನ್ನಷ್ಟು ಕುರ್ಚಿ, ಸಹಾಯಕ್ಕೆ ಕಿರಿಯ ಡಾಕ್ಟರುಗಳು, ಎಲ್ಲ ಅವನ ಓಡಾಟದಿಂದಲೇ ಬಂದದ್ದು. ಆದರೆ ಅಕ್ಕನ ಕುರ್ಚಿ ಮಾತ್ರ ಅವನ ಕಣ್ಣಿಗೆ ಚುಚ್ಚತೊಡಗಿತು. ಒಂದು ಸಂಜೆ ಊಟಕ್ಕೆ ಕೂತಾಗ ಬಾಯಿಬಿಟ್ಟೇಬಿಟ್ಟ.

"ಅಕ್ಕ, ನೀನು ಒಬ್ಬರಿಗೆ ಮಾಡೋ ಹೊತ್ತಲ್ಲಿ ನಾನು ಮೂರು ಜನರನ್ನ ಕಳಿಸ್ತೀನಿ. ಹೊರಗೆ ಜನ ಕಾಯ್ತಾ ಇರ್ತಾರೆ."

"ಯಾಕೆ ಕಾಯ್ತಾರೆ ಅಂತ ಕೇಳಿದೀಯಾ ಮರಿ?" ಮಗಳು ಅವನನ್ನು ಈಗಲೂ ಮರಿ ಎಂದೇ ಕರೆಯುತ್ತಾಳೆ.

"ಅದಕ್ಕೇ ಹೇಳ್ತಿರೋದು. ನೀನು ಮುಂದಿನ ಕೋಣೇಲಿ ಕೂತ್ಕೊ. ಹೊಸಬರನ್ನ ಮಾತಾಡ್ಸು, ಹೆದರಿಕೆ ಬಿಡ್ಸು. ಒಳಗಿನ ಕೆಲಸ ನಾವು ನೋಡ್ಕೋತೀವಿ."

"ಅಂದ್ರೆ ಬಾಗಿಲಲ್ಲಿ ನಾನು ಹಲ್ಲು ಕಿರೀಬೇಕು, ಒಳಗೆ ನೀನು ಹಲ್ಲು ಕೊರೀತೀಯ."

ಅವನು ನಕ್ಕ. ಅವಳು ನಗಲಿಲ್ಲ. ಅರ್ಧ ತಟ್ಟೆ ಬಿಟ್ಟು ಎದ್ದಳು. "ನನ್ನ ಕೈಯಿಂದ ಡ್ರಿಲ್ ತೆಗೆದ್ರೆ ಆವತ್ತೇ ಹೊರಟೆ ಅಮ್ಮ" ಎಂದು ಅಡುಗೆಮನೆಯಲ್ಲಿ ನನಗೊಬ್ಬಳಿಗೇ ಕೇಳುವಂತೆ ಹೇಳಿದಳು.

ಇಬ್ಬರೂ ಒಂದೇ ಸೂರಿನಡಿ ಇರಲಿ ಎನ್ನುವುದು ಬಿಟ್ಟು ನನಗೆ ಬೇರೆ ಆಸೆ ಇರಲಿಲ್ಲ. ಆಗಲೇ ನನ್ನ ಬಲಗಡೆಯ ದವಡೆಹಲ್ಲು ನೋಯುತ್ತಿತ್ತು. ರಜೆಯ ದಿನ ನೋಡಿ ಹಟ ಹಿಡಿದೆ: "ಇಬ್ಬರೂ ಸೇರಿ ಮಾಡಿದ್ರೆ ಮಾಡಿ. ಒಬ್ಬರೇ ಅಂದ್ರೆ ನಾನು ಕೂರಲ್ಲ." ಹೆತ್ತವಳ ಬಾಯೊಳಗೆ ಇಬ್ಬರ ಕೈಯೂ ಇದ್ದರೆ ಜಗಳವಾಡಲು ಜಾಗವೆಲ್ಲಿರುತ್ತದೆ ಎಂದುಕೊಂಡಿದ್ದೆ.

ಶುರುವೇನೋ ಚೆನ್ನಾಗಿಯೇ ಆಯಿತು. ಮಗ ಸೂಜಿ ಹಾಕಿ ದವಡೆ ಮರಗಟ್ಟಿಸಿ ಡ್ರಿಲ್ ಹಿಡಿದ. ಮಗಳು ಎಂಜಲು ಎಳೆಯುವ ನಳಿಗೆ ಹಿಡಿದು ಪಕ್ಕದಲ್ಲಿ ಕೂತಳು.

"ಇಷ್ಟು ವರ್ಷ ನಮ್ಮ ಬಾಯಿ ಮುಚ್ಚಿಸಿದ್ಯಲ್ಲ ಅಮ್ಮ, ಈಗ ನಮ್ಮ ಸರದಿ" ಅಂದ ಮಗ.

"ಲೈಟು ಇಳಿಸೋ, ಅಮ್ಮನ ಕಣ್ಣಿಗೆ ಹೊಡೀತಿದೆ."

"ಗೊತ್ತು ಕಣೇ."

ಬಾಯಿಯಲ್ಲಿ ಹತ್ತಿ ತುಂಬಿಕೊಂಡೇ ನಾನು ಒಳಗೊಳಗೆ ಹಿಗ್ಗಿದೆ. ಆ ಹಿಗ್ಗು ಕೆಡಿಸಿದ್ದು ಮಗನ ಒಂದು ಮಾತು.

"ನೋಡು ಅಕ್ಕ, ಹೀಗೆ ಪಕ್ಕದಲ್ಲಿ ಇದ್ರೆ ಎಷ್ಟು ಸಲೀಸು."

"ಪಕ್ಕದಲ್ಲಿ?"

"ತಪ್ಪೇನಿದೆ ಅದ್ರಲ್ಲಿ?"

"ಈ ಜಾಗಕ್ಕೆ ಹೆಸರು ತಂದೋಳು ನಾನು ಕಣೋ."

"ಹೆಸರು ನಿಂದೇ, ಯಾರು ಇಲ್ಲ ಅಂದ್ರು? ಬೋರ್ಡಿಗೆ ಹೆಸರು ಸಾಕು. ಕೆಲಸ ಸಾಗಬೇಕಲ್ಲ?"

"ಅಮ್ಮನ್ನೇ ಕೇಳು."

"ನೀನೇ ಹೇಳು ಅಮ್ಮ, ಯಾರದ್ದು ಸರಿ?"

ಡ್ರಿಲ್ಲು ಓಡುತ್ತಲೇ ಇತ್ತು. ಇಬ್ಬರ ಮುಖವೂ ನನ್ನ ಮುಖದ ಮೇಲೇ, ಇಬ್ಬರ ಕಣ್ಣೂ ಕೆಂಪು. ಸಾಕು ಎನ್ನಲು ನಾಲಿಗೆ ಎಲ್ಲಿತ್ತು? ಎಡಗೈ ಎತ್ತಿದೆ.

ಮಗಳು ತಟ್ಟನೆ ನಳಿಗೆ ಹೊರಗೆಳೆದಳು. "ಅಮ್ಮ ಕೈ ಎತ್ತಿದಾಳೆ. ನಿಲ್ಲಿಸು."

"ಒಂದೇ ನಿಮಿಷ, ಮುಗೀತು."

"ಮರಿ, ನಿಲ್ಲಿಸು ಅಂದೆ."

"ಅಲ್ಲಿ ಪೂರ್ತಿ ಮರಗಟ್ಟಿದೆ. ನೋವಾಗೋ ಮಾತೇ ಇಲ್ಲ."

ಡ್ರಿಲ್ಲಿನ ಪೆಡಲು ಅವನ ಕಾಲಡಿ ಇತ್ತು. ಅವಳೇನು ಮಾಡಿಯಾಳು? ನಾನು ಕೈ ಇಳಿಸಲಿಲ್ಲ. ಮೊಣಕೈ ನಡುಗುವ ತನಕ ಎತ್ತಿಯೇ ಇದ್ದೆ. ಅವನು ಕೊರೆಯುವುದನ್ನು ಮುಗಿಸಿ, ಹಲ್ಲು ತುಂಬಿ, ಉಜ್ಜಿ ನುಣುಪು ಮಾಡಿ, ಹತ್ತಿ ತೆಗೆದು ಕೇಳಿದ: "ನೋವಾಯ್ತಾ ಅಮ್ಮ?"

ನೋವಾಗಿರಲಿಲ್ಲ. ಹೆತ್ತ ಮಗನ ಕೆಲಸದ ಮೇಲೆ ಸುಳ್ಳು ಹೇಗೆ ಹೇಳಲಿ? ಇಲ್ಲವೆಂದು ತಲೆಯಾಡಿಸಿದೆ.

"ನೋಡಿದ್ಯಾ?" ಅಂದ ಅಕ್ಕನಿಗೆ.

ಮಗಳು ನನಗೆ ಬಾಯಿ ಮುಕ್ಕಳಿಸಲು ನೀರು ಕೊಟ್ಟಳು. ಸತ್ತಂತಿದ್ದ ತುಟಿಯಿಂದ ನೀರು ಗದ್ದಕ್ಕೆ ಸೋರಿತು. ಅದನ್ನು ಒರೆಸುತ್ತಲೇ, ಅವನ ಕಡೆ ತಿರುಗದೆ ಹೇಳಿದಳು: "ನೋವಾಯ್ತಾ ಅಂತ ಆಮೇಲೆ ಕೇಳೋದು ಮರಿ. ಮೊದಲು ನಿಲ್ಲಿಸೋದು. ಅಮ್ಮನ ಕೈಗೇ ನಿಲ್ಲಿಸದವನು ಇನ್ಯಾರಿಗೆ ನಿಲ್ಲಿಸ್ತೀಯ? ನೀನೇ ನಡೆಸ್ಕೊ. ನಾಳೆಯಿಂದ ನಾನು ಬರಲ್ಲ."

ಇರು ಎನ್ನಲು ಹೋದೆ. ಅರ್ಧ ಬಾಯಿಂದ ಏನೋ ಒಂದು ಉಗುಳಿನಂಥ ಸದ್ದು ಹೊರಟಿತು.

"ಈಗ ಮಾತಾಡ್ಬೇಡ ಅಮ್ಮ, ಕೆನ್ನೆ ಕಚ್ಕೋತೀಯ" ಎಂದು ನನ್ನ ತಲೆ ಸವರಿ, ಕೈಗವಸು ಕಳಚಿ ಬುಟ್ಟಿಗೆ ಹಾಕಿ ಹೋದಳು. ಸಂಜೆಯೊಳಗೆ ಮನೆಯನ್ನೂ ಬಿಟ್ಟಳು.

ತುಟಿಗೆ ಜೀವ ಬಂದ ಮೇಲೆ ಮಗನ ಕೋಣೆಗೆ ಹೋದೆ. "ನೋವಿಗಲ್ಲ ಕಣೋ ಕೈ ಎತ್ತಿದ್ದು. ನಿಮ್ಮ ಜಗಳ ನಿಲ್ಲಲಿ ಅಂತ."

"ಅದನ್ನ ಬಾಯಿಬಿಟ್ಟು ಹೇಳಬಾರ್ದಿತ್ತಾ?" ಅಂದ.

"ಬಿಟ್ಟೇ ಇತ್ತಲ್ಲೋ."

ಅವನು ಫೋನು ನೋಡುತ್ತ ಕೂತ. ಒಂದು ಮಾತು, ಒಂದೇ ಒಂದು ಕರೆ, ಅಷ್ಟು ಸಾಕಿತ್ತು ಅವಳಿಗೆ. ಅವನು ಮಾಡಲಿಲ್ಲ. ನಾನು ಮಾಡಿದ ಕರೆಗಳಿಗೆಲ್ಲ ಅವಳದ್ದು ಒಂದೇ ಉತ್ತರ: "ನಿನ್ನ ತಪ್ಪೇನೂ ಇಲ್ಲ ಅಮ್ಮ."

ಮಗಳು ಈಗ ಪೇಟೆಯ ಆಚೆ ತುದಿಯಲ್ಲಿ ಬೇರೆಯವರ ಕ್ಲಿನಿಕ್ಕಿನಲ್ಲಿ ಸಂಬಳಕ್ಕೆ ದುಡಿಯುತ್ತಾಳೆ. ಅವಳಿಲ್ಲದೆ ಇಲ್ಲಿ ಹಜಾರ ಖಾಲಿಯಾಗುತ್ತದೆ, ಆಗಲಾದರೂ ಇವನಿಗೆ ಬುದ್ಧಿ ಬರುತ್ತದೆ ಎಂದು ಕಾದೆ. ಆಗಲಿಲ್ಲ. ಜನ ಕೆಲವು ದಿನ ಕೇಳಿದರು, ಆಮೇಲೆ ಮರೆತರು. ಹಲ್ಲುನೋವು ಯಾರಿಗಾಗಿಯೂ ಕಾಯುವುದಿಲ್ಲ.

ಮೇಲೆ ಬರಬೇಕಾದರೆ ಹಜಾರ ದಾಟಬೇಕು. ಅದಕ್ಕೇ ಅವಳು ಬರುವುದಿಲ್ಲ. ಮೊನ್ನೆ ಬೀದಿಯಲ್ಲಿ ನಿಂತು ಫೋನ್ ಮಾಡಿದಳು. ಒಗೆದು ಇಸ್ತ್ರಿ ಮಾಡಿಟ್ಟಿದ್ದ ಅವಳ ಬಿಳಿ ಕೋಟುಗಳನ್ನು ಎತ್ತಿಕೊಂಡು ಇಳಿದೆ. ಗೇಟಿನ ಹೊರಗೆ, ಬೋರ್ಡಿಗೆ ಬೆನ್ನು ಹಾಕಿ ನಿಂತಿದ್ದಳು. ಸೊರಗಿಹೋಗಿದ್ದಾಳೆ.

"ಊಟ ಸರಿಯಾಗಿ ಮಾಡ್ತೀಯಾ?"

"ಮಾಡ್ತೀನಿ. ಹಲ್ಲು ಹೇಗಿದೆ? ಆ ಅನ್ನು ನೋಡೋಣ."

ನಡುಬೀದಿಯಲ್ಲಿ, ಹೋಗಿಬರುವವರ ಎದುರು, ಬಿಸಿಲಿಗೆ ಮುಖ ಮಾಡಿ ಬಾಯಿ ತೆರೆದೆ. ಅವಳು ನನ್ನ ಗದ್ದ ಹಿಡಿದು, ಬಗ್ಗಿ, ಬಹಳ ಹೊತ್ತು ನೋಡಿದಳು.

"ಚೆನ್ನಾಗಿ ತುಂಬಿದಾನೆ. ಕೂದಲೆಳೆಯಷ್ಟೂ ಸಂದಿಲ್ಲ."

ಗದ್ದ ಬಿಟ್ಟು ಕೋಟುಗಳನ್ನು ತೋಳಿಗೆ ಹಾಕಿಕೊಂಡಳು.

"ನಾನು ಹೀಗಂದೆ ಅಂತ ಅವನಿಗೆ ಹೇಳ್ಬೇಡ."