ಅಂಗಿ ತೆಗೆದು ಬರಬೇಕು

"ಅಂಗಿ ತಗೀಲೇ ಅಭಿ," ಎಂದ ಅಪ್ಪ, ತನ್ನ ಅಂಗಿ, ಬನಿಯನ್ನು ಎರಡನ್ನೂ ಕೂಡಿಸಿ ಮಡಚಿ ಶ್ರದ್ಧಾಳ ಚೀಲಕ್ಕೆ ತುರುಕುತ್ತ. "ಪಾಳಿ ಉದ್ದ ಆಗ್ಲಿಕ್ಕೆ ಹತ್ತೇದ."

ಗೋಕರ್ಣದ ಮಹಾಬಲೇಶ್ವರ ಗುಡಿಯ ಬಾಗಿಲಲ್ಲಿ ಗಂಡಸರೆಲ್ಲ ಅದನ್ನೇ ಮಾಡುತ್ತಿದ್ದರು. ಹೊಟ್ಟೆ ಬಿಟ್ಟವರು, ಪಕ್ಕೆಲುಬು ಎದ್ದು ಕಾಣುವವರು, ಎದೆಯ ನಡುವೆ ಆಪರೇಶನ್ನಿನ ಹೊಲಿಗೆ ಹೊತ್ತವರು. ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ಅಭಿಜಿತ ಮಾತ್ರ ಎಲ್ಲರನ್ನೂ ನೋಡುತ್ತಿದ್ದ, ಎಲ್ಲರ ಎದೆಯನ್ನೂ.

"ನನಗ ಥಂಡಿ ಆಗೇದ."

"ಈ ಸೆಕಿಯೊಳಗ?"

"ಅಪ್ಪಾ, ಅವಂಗ ಸಿಕ್ಸ್ ಪ್ಯಾಕ್ ಇಲ್ಲಂತ ನಾಚಿಕಿ," ಎಂದು ತಂಗಿ ಶ್ರದ್ಧಾ ನಕ್ಕಳು. ಅವಳಿಗೆ ಏನೂ ಗೊತ್ತಿರಲಿಲ್ಲ. ಆದರೂ ಅಭಿಜಿತನ ಕಿವಿ ಬಿಸಿಯಾದವು.

"ನೀವು ಹೋಗಿ ಬರ್ರಿ. ನಾ ಏಜಾಜಣ್ಣನ ಜೋಡಿ ಗಾಡಿ ಕಾಯ್ತೇನಿ."

ದೊಡವಾಡದ ಏಜಾಜ ಬೈಲಹೊಂಗಲದಿಂದ ಅವರನ್ನು ಕರೆತಂದ ಡ್ರೈವರ್. ಅಜ್ಜಿಯ ಕೈ ಹಿಡಿದು ಗುಡಿಯ ತನಕ ಬಿಡಲು ಬಂದಿದ್ದ. "ಗಾಡಿ ಕಾಯಾಕ ನಾ ಅದೇನಲ್ರಿ," ಎಂದ. "ನಮ್ಮ ಗಾಡಿ ಕದಿಯಾವ ದಬ್ಬಾಕ ಇನ್ನಿಬ್ಬರನ್ನ ಕರಕೊಂಡ ಬರಬೇಕು. ಯಾರೂ ಮುಟ್ಟೂದಿಲ್ಲ, ಹೋಗ್ರಿ."

ಅಜ್ಜಿ ಯಮುನಾಬಾಯಿ ನಗಲಿಲ್ಲ. ಈ ಪ್ರವಾಸವೇ ಅವಳ ಹರಕೆಯದು. ಹೋದ ವರ್ಷ ಧಾರವಾಡದ ಹಾಸ್ಟೆಲಿನಲ್ಲಿ ಅಭಿಜಿತನಿಗೆ ಡೆಂಗಿ ಬಂದು, ಪ್ಲೇಟ್‌ಲೆಟ್ ಇಳಿದು, ಡಾಕ್ಟರು ಮಾತು ಕಡಿಮೆ ಮಾಡಿದ್ದ ದಿನ ಅವಳು ದೇವರ ಮುಂದೆ ಕೂತು ಹೇಳಿಕೊಂಡಿದ್ದಳು: ಇವನು ಬದುಕಿದರೆ ತನ್ನ ಕೈಯಿಂದಲೇ ನಿನ್ನನ್ನು ಮುಟ್ಟಿ ಬರುತ್ತಾನೆ. ಅವನ ಪರವಾಗಿ ಬೇರೆಯವರು ಮುಟ್ಟಿದರೆ ಅದು ನಡೆಯುವಂಥದಲ್ಲ. ಅಮ್ಮ ಕೋರ್ಟಿನೆದುರಿನ ಝೆರಾಕ್ಸ್ ಅಂಗಡಿ ನೋಡಿಕೊಳ್ಳಲು ಊರಲ್ಲೇ ಉಳಿದಿದ್ದಳು. ಅಜ್ಜಿ ಎರಡು ದಿನ ಮುಂಚೆಯೇ ಚೀಲ ತುಂಬಿ ಕೂತಿದ್ದಳು.

ಈಗ ಅವಳು ಮೊಮ್ಮಗನನ್ನು ಮೇಲಿನಿಂದ ಕೆಳಗೆ ನೋಡಿದಳು. ಬೆಳಿಗ್ಗೆ ಸಮುದ್ರಸ್ನಾನಕ್ಕೆ ಎಬ್ಬಿಸಿದರೆ ನಿದ್ದೆ ಬಂದವರ ಹಾಗೆ ಬಿದ್ದುಕೊಂಡಿದ್ದ. ಮನೆಗೆ ಬಂದಾಗೆಲ್ಲ ಬಾಗಿಲ ಅಗಳಿ ಹಾಕಿಕೊಂಡೇ ಬಟ್ಟೆ ಬದಲಿಸುತ್ತಿದ್ದ.

"ಯಾಕ ತಗೀವಲ್ಲಿ ಅಂಬೂದು ನನಗ ತಿಳೀತು," ಎಂದಳು. "ನಿನ್ನ ಮೈಮ್ಯಾಲೆ ಜನಿವಾರ ಇಲ್ಲ."

ಅಪ್ಪ ತಿರುಗಿ ನೋಡಿದ. ಶ್ರದ್ಧಾ ನಗು ನಿಲ್ಲಿಸಿದಳು. ಏಜಾಜ ತನಗೆ ಸಂಬಂಧವಿಲ್ಲದ ಮಾತು ಬಂತೆಂದು ಹೂವಿನಂಗಡಿಯ ಕಡೆ ಸರಿದ.

ಜನಿವಾರ ಇತ್ತು. ಮುಂಜಿವೆಯಾದಾಗಿನಿಂದ ಅದು ಅವನ ಹೆಗಲಿನಿಂದ ಇಳಿದಿರಲಿಲ್ಲ. ಆದರೆ ಅದನ್ನು ತೋರಿಸಬೇಕೆಂದರೆ ಅಂಗಿ ತೆಗೆಯಬೇಕು. ಅಂಗಿಯೊಳಗೆ ಒಂದು ಅಳತೆ ಚಿಕ್ಕದಾದ ಬನಿಯನ್ನು. ಅದರೊಳಗೆ, ಪಿಯುಸಿ ಮುಗಿಯುವ ಹೊತ್ತಿಗೆ ಬಂದು ಹತ್ತೊಂಬತ್ತಾದರೂ ಹೋಗದ, ಹುಡುಗಿಯರಿಗೆ ಇರುವಂಥ ಎದೆ. ಹಾಸ್ಟೆಲಿನ ಬಚ್ಚಲಲ್ಲಿ ಸಚಿನ ಎಂಬವನು ಹಿಂದಿನಿಂದ ಬಂದು ಎರಡೂ ಕೈಯಿಂದ ಒತ್ತಿ "ಪೋಂ ಪೋಂ" ಎಂದು ಹಾರನ್ ಮಾಡಿದ್ದ. ಅಂದಿನಿಂದ ಆ ಮಹಡಿಯಲ್ಲಿ ಅವನಿಗೆ ಬೇರೆ ಹೆಸರೇ ಇರಲಿಲ್ಲ.

"ಹೂಂ," ಎಂದ ಅಭಿಜಿತ. "ಇಲ್ಲ. ತಗದ ಒಗದೇನಿ."

ಹೇಳಿದ ಮೇಲೆ ಅವನಿಗೆ ಹಗುರೆನಿಸಿತು. ಜನಿವಾರ ಎಸೆದವನನ್ನು ಮನೆಯಲ್ಲಿ ಬೈಯುತ್ತಾರೆ, ನಾಲ್ಕು ದಿನ ಮಾತು ಬಿಡುತ್ತಾರೆ. ಯಾರೂ ಹಾರನ್ ಎನ್ನುವುದಿಲ್ಲ.

ಅಜ್ಜಿ ಗೋಡೆ ಹಿಡಿದು ಅಲ್ಲೇ ಕಟ್ಟೆಯ ಮೇಲೆ ಕೂತಳು. "ಯಾರ್ ಕಲಿಸ್ಯಾರೋ ನಿನಗ ಇದನ್ನ," ಎಂದಳು. ಸಿಟ್ಟಿನಲ್ಲಲ್ಲ, ನಿಜವಾಗಿಯೂ ಕೇಳುವವಳ ಹಾಗೆ. ಹಗುರೆನಿಸಿದ್ದೂ ಹೋಯಿತು.

ಅಪ್ಪ ಮತ್ತೆ ಅಂಗಿ ತೊಟ್ಟುಕೊಂಡ. "ಲಾಜಿಗೆ ನಡೀ. ಸ್ನಾನ ಮಾಡು. ಹೊಸಾದು ಹಾಕತೇನಿ. ಹನ್ನೆರಡರೊಳಗ ವಾಪಸ್ ಬಂದು ಮುಟ್ಟೂಣು. ಒಂದ ಅಕ್ಷರ ಮಾತಾಡಬ್ಯಾಡ." ದಾರಿಯಲ್ಲಿ ಪೂಜಾಸಾಮಾನಿನ ಅಂಗಡಿಯಲ್ಲಿ ನಿಂತು ಒಂದು ಜನಿವಾರ ಕೊಂಡ. ಹಿಂದೆ ಏಜಾಜನ ಕೈ ಹಿಡಿದು ಬರುತ್ತಿದ್ದ ಅಜ್ಜಿ ಅವನಿಗೆ ಏನೋ ಹೇಳುತ್ತಿದ್ದಳು. "ಹುಡುಗೂರು ಅಂದ್ರ ಹಂಗ ರೀ ಅಜ್ಜಿ," ಎಂದು ಏಜಾಜ ಸಮಾಧಾನ ಮಾಡುವುದು ಅಭಿಜಿತನಿಗೂ ಕೇಳಿಸಿತು. "ನಮ್ಮ ಫರ್ದೀನ ಶುಕ್ರವಾರ ನಮಾಜಿಗೆ ಹೊಕ್ಕೇನಂತ ಹೇಳಿ ಕ್ರಿಕೆಟ್ ಆಡಾಕ ಹೊಕ್ಕಾನ. ಅವರವ್ವ ಚಪ್ಪಲಿ ತಗೊಂಡ ಹಿಂದ ಓಡ್ತಾಳ."

"ನನಗ ಓಡ್ಲಿಕ್ಕೆ ಮೊಣಕಾಲಿಲ್ಲಪಾ," ಎಂದಳು ಅಜ್ಜಿ.

ಲಾಜಿನ ಬಚ್ಚಲಲ್ಲಿ ಅಭಿಜಿತ ಜನಿವಾರಕ್ಕೆ ಹೆಬ್ಬೆರಳು ಸಿಕ್ಕಿಸಿ ಜಗ್ಗಿದ. ಸುಳ್ಳು ಹೇಳಿದ ಮೇಲೆ ಅದನ್ನು ನಿಜ ಮಾಡಬೇಕಿತ್ತು. ದಾರ ಕುತ್ತಿಗೆಯ ಹಿಂದೆ ಬರೆ ಎಳೆದ ಹಾಗೆ ಕೊರೆಯಿತೇ ಹೊರತು ಹರಿಯಲಿಲ್ಲ. ತಲೆಯ ಮೇಲಿನಿಂದ ತೆಗೆದು ಕಿಡಕಿಯ ಸಂದಿಯಿಂದ ಎಸೆದರೆ ಮುಗಿಯಿತು. ಕಿವಿಯ ತನಕ ಎತ್ತಿದ. ಅಲ್ಲಿಗೇ ಕೈ ನಿಂತಿತು. ಭಕ್ತಿ ಎನ್ನುವಂಥದೇನೂ ಇರಲಿಲ್ಲ ಅವನಿಗೆ. ಎಸೆದರೂ ಹೊರಗೆ ಹೋಗಿ ಅಪ್ಪನ ಮುಂದೆ ಬರಿಮೈಯಲ್ಲೇ ಕೂರಬೇಕಲ್ಲ ಎಂಬುದು ಆಗಷ್ಟೇ ಹೊಳೆದಿತ್ತು.

ಅಪ್ಪ ಕದ ಬಡಿದ. "ಎಷ್ಟೊತ್ತೋ?"

ಟವೆಲ್ಲನ್ನು ಹೆಗಲಿಂದ ಇಳಿಬಿಟ್ಟು ಎದೆಯ ಮೇಲೆ ಹಿಡಿದುಕೊಂಡು ಅಭಿಜಿತ ಹೊರಗೆ ಬಂದ. ಅಜ್ಜಿ, ಶ್ರದ್ಧಾ ಕೆಳಗೆ ಚಹಾಕ್ಕೆ ಹೋಗಿದ್ದರು. ಅಪ್ಪ ಹೊಸ ಜನಿವಾರ ಬಿಡಿಸಿ, ನೀರು ಚಿಮುಕಿಸಿ, ಮಂತ್ರ ಶುರು ಮಾಡಿ, ಟವೆಲ್ಲಿಗೆ ಕೈ ಹಾಕಿದ. ಅಭಿಜಿತ ಬಿಡಲಿಲ್ಲ. ಅಪ್ಪ ಜಗ್ಗಿದ.

"ಇಲ್ಲೇ ಅದನಲ್ಲೋ!" ಎಂದ, ಹಳೆಯ ಜನಿವಾರ ನೋಡಿ. ಆಮೇಲೆ ಉಳಿದುದನ್ನೂ ನೋಡಿದ.

ಒಂದು ತಾಸಿನಿಂದ ಸಿಟ್ಟು ಹೊತ್ತು ತಿರುಗಿದ ಮನುಷ್ಯ, ಅದನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ನಿಂತ. ಹೊರಗೆ ಯಾರೋ ಬಕೆಟ್ ಎಳೆದುಕೊಂಡು ಹೋದರು.

"ನೋಸ್ತದೇನು?"

"ಇಲ್ಲ."

"ಎಂದಿನಿಂದ?"

"ಪಿಯುಸಿ ಮುಗಿಯೂ ಹೊತ್ತಿನಿಂದ."

"ಡಾಕ್ಟರಿಗೆ ತೋರಿಸೀಯೇನು?"

ಅಭಿಜಿತ ತಲೆ ಅಲ್ಲಾಡಿಸಿದ.

"ಹುಚ್ಚಪ್ಯಾಲಿ," ಎಂದ ಅಪ್ಪ ಮೆಲ್ಲಗೆ. "ಇದಕ್ಕ ಜನಿವಾರಿಲ್ಲಂತ ಹೇಳೋದಾ? ನಿಮ್ಮಜ್ಜಿ ಗುಡಿ ಮುಂದನ ಎದಿ ಒಡಕೊಂಡಿದ್ರ?" ಹೊಸ ಜನಿವಾರವನ್ನು ಮತ್ತೆ ಮಡಚಿ ಧೋತರದ ಸೊಂಟಕ್ಕೆ ಸಿಕ್ಕಿಸಿಕೊಂಡ. ಚೀಲ ಕೆದಕಿ ತನ್ನ ಕೆಂಪಂಚಿನ ಶಲ್ಯ ತೆಗೆದು, ಮಗನ ಹೆಗಲ ಮೇಲೆ ಹೊದಿಸಿ, ಎದೆಯ ಮೇಲೆ ಅಡ್ಡ ಹಾಯಿಸಿದ. "ಶಲ್ಯಕ್ಕ ಯಾರೂ ಬ್ಯಾಡ ಅನ್ನೂದಿಲ್ಲ. ಊರಿಗೆ ಹೋದ ಮ್ಯಾಲೆ ಡಾಕ್ಟರ ಕಡೆ ಹೋಗೂಣು. ನೀನು, ನಾನು."

ಕೆಳಗೆ ಅಜ್ಜಿ ಕೇಳಿದಾಗ ಅಪ್ಪ ಅವಳ ಮುಖ ನೋಡದೆ "ಹಾಕಿದೆ," ಎಂದ.

ಪಾಳಿ ನಿಧಾನಕ್ಕೆ ಸರಿಯುತ್ತಿತ್ತು. ಅಪ್ಪ ಮುಂದೆ, ಅಭಿಜಿತ ನಡುವೆ, ಅಜ್ಜಿ ಮತ್ತು ಶ್ರದ್ಧಾ ಹಿಂದೆ. ಅವನು ಎಡಗೈಯಿಂದ ಶಲ್ಯದ ಸೆರಗನ್ನು ಗಟ್ಟಿಯಾಗಿ ಹಿಡಿದಿದ್ದ. ಒಳಗೆ ನೆಲವೆಲ್ಲ ನೀರು, ಹಾಲು, ತುಳಿದ ಬಿಲ್ವಪತ್ರೆ. ಲಿಂಗ ಕಣ್ಣಿಗೆ ಕಾಣುವುದಿಲ್ಲ. ಪೀಠದ ನಡುವಿನ ತೂತಿನಲ್ಲಿ ಕೈ ಇಳಿಬಿಟ್ಟು ಬೆರಳಿಗೆ ಸಿಕ್ಕಿದ್ದನ್ನು ಮುಟ್ಟಬೇಕು. ಅಪ್ಪ ಮುಟ್ಟಿ ಸರಿದ.

ಅಭಿಜಿತ ಬಾಗಿದ. ಹಿಂದಿನವರು ನೂಕಿದರು. ಎಡಗೈಯನ್ನು ಪೀಠಕ್ಕೆ ಊರದೆ ಬೇರೆ ದಾರಿಯಿರಲಿಲ್ಲ, ಊರಿದ. ಶಲ್ಯ ಹೆಗಲಿನಿಂದ ಜಾರಿ ನೀರಿಗೆ ಬಿತ್ತು. ಬಲಗೈ ಆಗಲೇ ತೂತಿನೊಳಗಿತ್ತು. ತಣ್ಣಗೆ, ನುಣ್ಣಗೆ ಏನೋ ಬೆರಳ ತುದಿಗೆ ಹತ್ತಿತು.

ಎದ್ದು ನೋಡಿದರೆ ಅಜ್ಜಿ ಶಲ್ಯ ಎತ್ತಿಕೊಂಡಿದ್ದಳು. ಅವಳ ಕಣ್ಣು ಬೆವರಿಗೆ ಹಳದಿಯಾದ ಆ ಹಳೆಯ ಜನಿವಾರದ ಮೇಲಿತ್ತು. ಅಲ್ಲಿಂದ ಒಂದಿಷ್ಟು ಈಚೆ, ಎದೆಯ ಕಡೆ ಸರಿಯಿತು. ನಿಂತಿತು.

"ಮುಟ್ಟಿದಿ?"

"ಮುಟ್ಟಿದೆ."

"ಸರಿ ಮತ್ತ. ಹಿಂದ ಮಂದಿ ಅದಾರ."

ಹೊರಗಿನ ಅಂಗಳದಲ್ಲಿ ಅವನು ಶಲ್ಯಕ್ಕೆ ಕೈ ಚಾಚಿದ. ಅಜ್ಜಿ ಕೊಡಲಿಲ್ಲ. ಎರಡು ಸಲ ಹಿಂಡಿ, ಝಾಡಿಸಿ, ಕಬ್ಬಿಣದ ಕಟಾಂಜನದ ಮೇಲೆ ಹರವಿದಳು.

"ಒಣಗಲಿ. ಹಸೀದು ಹೊತ್ತಕೊಂಡ್ರ ನಿನಗ ಥಂಡಿ ಆಗ್ತದ."

ಶ್ರದ್ಧಾ ಅಣ್ಣನನ್ನು ಒಮ್ಮೆ ನೋಡಿ, ಪ್ರಸಾದದ ಪೊಟ್ಟಣ ಬಿಚ್ಚತೊಡಗಿದಳು. ಸಿಕ್ಸ್ ಪ್ಯಾಕಿನ ಮಾತು ಎತ್ತಲಿಲ್ಲ. ಅಜ್ಜಿ ಮೊಣಕಾಲು ನೀವಿಕೊಳ್ಳುತ್ತ ಕಟ್ಟೆಯ ಮೇಲೆ ಕೂತು ಅಪ್ಪನ ಕಡೆ ತಿರುಗಿದಳು.

"ನೀಲು, ಆ ಹೊಸಾ ಜನಿವಾರ ಎಲ್ಲಿ ಇಟ್ಟಿ?"

ಅಪ್ಪ ಸೊಂಟ ಮುಟ್ಟಿ ನೋಡಿಕೊಂಡ.

"ಇಲ್ಲಿ ತಾ. ನೂಲಹುಣ್ಣಿವಿಗೆ ಹಳೇದು ತಗದು ಹಾಕಲಿಕ್ಕೆ ಬರ್ತದ."

ಅದನ್ನು ಇಸಿದುಕೊಂಡು ಕುಂಕುಮದ ಡಬ್ಬಿಯ ಪಕ್ಕ ಚೀಲದೊಳಗಿಟ್ಟಳು. ಅಭಿಜಿತ ಅವಳ ಪಕ್ಕದಲ್ಲಿ ಕೂತ. ಪ್ರಸಾದಕ್ಕೆ ಎರಡೂ ಕೈ ಚಾಚಬೇಕಾಯಿತು. ಸಮುದ್ರದ ಕಡೆಯಿಂದ ಗಾಳಿ ಬಂದು ಶಲ್ಯದ ಒಂದು ತುದಿ ಎದ್ದಿತು, ಕಬ್ಬಿಣಕ್ಕೆ ಬಡಿಯಿತು, ಮತ್ತೆ ಎದ್ದಿತು. ಅದು ಒಣಗಲು ಇನ್ನೂ ಹೊತ್ತಿತ್ತು.