ಬಾಯಿಲ್ಲದ ಕಂದಕ

ಕಾಡುಕೇದಗೆಯ ಕಾಯಿ ಬಲಿತು, ಊರಿಗೆ ಊರೇ ಬೀಜ ಸುಟ್ಟು ತಿನ್ನಲು ಮೇಲಿನ ಕಾಡು ಹತ್ತುವ ದಿನಗಳು. ಬೆಳಗ್ಗೆ ಎಳೆಬಿಸಿಲು, ಹೊತ್ತು ನೆತ್ತಿಯಿಂದ ಜಾರುತ್ತಿದ್ದಂತೆ ಮಳೆ. ಎಲ್ಲರೂ ಕಾಡಿನಲ್ಲಿದ್ದರೆ ಪಿವಾ ಮಾತ್ರ ಒಂಬತ್ತನೆಯ ದಿನವೂ ಕಂದಕದೊಳಗಿದ್ದ. ನೆಲ ಅವನ ತಲೆಗಿಂತ ಒಂದು ಮೊಳ ಮೇಲಿತ್ತು. ಸಲಿಕೆಯಿಂದ ಎಸೆದ ಮಣ್ಣು ಮೇಲಿನ ದಂಡೆಯಲ್ಲಿ ಸದ್ದಿಲ್ಲದೆ ಬೀಳುತ್ತಿತ್ತು. ಅಷ್ಟು ಹಗುರ ಮಣ್ಣು ಅದು. ಬುಟ್ಟಿ ತುಂಬಾ ಹೊತ್ತರೂ ಕುತ್ತಿಗೆಗೆ ತಿಳಿಯುತ್ತಿರಲಿಲ್ಲ.

ಆದರೆ ಹಗುರ ಇದ್ದದ್ದು ಮೊಣಕಾಲುದ್ದದ ಕಪ್ಪುಮಣ್ಣು ಮಾತ್ರ. ಅದರ ಕೆಳಗಿನ ಹಳದಿ ಮಣ್ಣಿನದು ಬೇರೆಯೇ ಗುಣ. ನೋಡಲಿಕ್ಕೆ ಒಣಗಿದಂತೆ ಪುಡಿಪುಡಿ. ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ತಿಕ್ಕಿದರೆ ಹಂದಿಯ ಕೊಬ್ಬಿನ ಹಾಗೆ ಜಾರುತ್ತದೆ, ಇನ್ನೂ ಹಿಸುಕಿದರೆ ಬೆರಳ ಸಂದಿಯಿಂದ ನೀರು ಒಸರುತ್ತದೆ. ಅಷ್ಟು ನೀರನ್ನು ಹೊಟ್ಟೆಯಲ್ಲಿಟ್ಟುಕೊಂಡು ಗಟ್ಟಿಯಾಗಿ ನಿಂತಿರುವುದು ಮರದ ಬೇರುಗಳ ಹಿಡಿತದಿಂದ. ಆ ಬೇರುಗಳನ್ನು ಪಿವಾ ಒಂಬತ್ತು ದಿನಗಳಿಂದ ಕಡಿಯುತ್ತಿದ್ದ.

ಎರಡು ವರ್ಷದ ಹಿಂದೆ ಅವನ ತಮ್ಮ ಜಗಳದಲ್ಲಿ ಒಬ್ಬನ ಕೈ ಮುರಿದಿದ್ದ. ತಪ್ಪಿಗೆ ಕೊಟ್ಟ ಹಂದಿಗಳಲ್ಲಿ ದೊಡ್ಡವೆರಡು ಅಕ್ಕನ ಗಂಡ ಅಲೆಂಬೊನವು. ಈಗ ಅಲೆಂಬೊ, ಹಂದಿ ಬೇಡ, ಇಳಿಜಾರಿಗೆ ಅಡ್ಡಲಾಗಿ ಕಂದಕ ತೋಡಿಕೊಡು ಸಾಕು ಎಂದಿದ್ದ. ಯಾರ ಕಂದಕವೋ ಅವರದೇ ಭೂಮಿ ಎನ್ನುವ ಸೀಮೆಯಲ್ಲಿ ಅದು ಸಣ್ಣ ಕೆಲಸವಲ್ಲ.

ಅಲೆಂಬೊ ದಂಡೆಯ ಮೇಲೆ ಬಂದು ಕುಕ್ಕರಗಾಲಲ್ಲಿ ಕೂತ.

"ಏನು ಮೈದುನ, ಗುಂಡಿಯೊಳಗೇ ಮನೆ ಮಾಡ್ಕೊಂಡ್ಯಾ?"

"ಭಾವ, ಇದಕ್ಕೊಂದು ಬಾಯಿ ಬೇಕು. ಆ ಗಾಳಿಮರದಿಂದ ಕೊರಕಲಿಗೆ ಮೂವತ್ತು ಹೆಜ್ಜೆ. ಅಷ್ಟು ತೋಡಿದ್ರೆ ನೀರು ಕೊರಕಲಿಗೆ ಹೋಗತ್ತೆ."

"ಆ ಮೂವತ್ತು ಹೆಜ್ಜೆ ಆಚೆ ಕುಲದೋರದ್ದು. ಒಂದು ಸಲಿಕೆ ಮಣ್ಣೆತ್ತಿದ್ರೆ ಬಿಲ್ಲು ಹಿಡ್ಕೊಂಡು ಬರ್ತಾರೆ. ಗಾಳಿಮರದ ಬುಡಕ್ಕೆ ನಿಲ್ಸು."

"ಬಾಯಿಲ್ದಿದ್ರೆ ನೀರು ಇಲ್ಲೇ ನಿಲ್ಲತ್ತೆ. ಕೆಳಗೆ ಅಕ್ಕನ ಮನೆ ಇದೆ."

"ನಿನಗೆ ಅಕ್ಕ ಆದ್ರೆ ನನಗೆ ಹೆಂಡ್ತಿ ಕಣಯ್ಯ, ನನಗೇನು ಮರೆತುಹೋಗಿದ್ಯಾ?" ಅಲೆಂಬೊ ನಕ್ಕ. "ಇದು ನೀರು ಕುಡಿಯೋ ಮಣ್ಣು. ಎಷ್ಟು ಮಳೆ ಬಂದ್ರೂ ಕುಡೀತದೆ. ನಮ್ಮಪ್ಪನ ಕಾಲದಿಂದ ಕುಡ್ಕೊಂಡೇ ಬಂದಿದೆ. ಕಂದಕಕ್ಕೆ ಬಾಯಿ ಹುಡುಕೋದು ಬಿಟ್ಟು ನಿನ್ನ ಬಾಯಿ ಮುಚ್ಕೊಂಡು ಕೆಲ್ಸ ಮುಗ್ಸು."

ಭಾವನಿಗೆ ಎದುರಾಡುವುದು ಮೈದುನನಿಗೆ ಶೋಭೆಯಲ್ಲ. ಅದೂ ಎರಡು ಹಂದಿಯ ಋಣ ತಲೆಯ ಮೇಲಿರುವಾಗ. ಮರುದಿನ ಮಧ್ಯಾಹ್ನದ ಹೊತ್ತಿಗೆ ಪಿವಾ ಗಾಳಿಮರದ ಬುಡಕ್ಕೆ ಬಂದು ನಿಲ್ಲಿಸಿದ. ಅಲೆಂಬೊ ನಾಲ್ಕು ಜನರನ್ನು ಕರೆತಂದು ಕಂದಕದ ಉದ್ದಕ್ಕೂ ನಡೆಸಿ, ಎಲ್ಲರೂ ಕೇಳುವಂತೆ ಹೇಳಿದ: "ನನ್ನ ಮೈದುನ ತೀರಿಸಿದ. ಇನ್ನು ಎರಡು ಹಂದಿ ಮಾತು ಯಾರೂ ಎತ್ತಬಾರ್ದು."

ಆ ಸಂಜೆ ಬಂದ ಮಳೆ ಎರಡು ದಿನ ಬಿಡಲಿಲ್ಲ.

ಮೂರನೆಯ ಬೆಳಗ್ಗೆ ಪಿವಾ ಹತ್ತಿ ಬಂದು ನೋಡಿದರೆ ಕಂದಕ ಈ ತುದಿಯಿಂದ ಆ ತುದಿಗೆ ತುಂಬಿ ನಿಂತಿತ್ತು. ನೀರಿನ ಮೇಲೆ ಎಲೆಗಳು ಅಲುಗದೆ ಬಿದ್ದಿದ್ದವು. ಅವನು ಅಲ್ಲಿಂದ ನೇರ ಅಕ್ಕನ ಮನೆಗಿಳಿದ. ವಾಂಡಿಮೆ ಅಂಗಳದ ಪಕ್ಕದ ಹೊಸ ಗುಡ್ಡೆಗಳಿಗೆ ಗೆಣಸಿನ ಬಳ್ಳಿ ಊರುತ್ತಿದ್ದಳು.

"ಬಂದ್ಯಾ ಹೆಗ್ಗಣ? ಹತ್ತು ದಿನ ನೆಲ ಕೊರೆದು ಮುಖ ನೋಡು, ಮಣ್ಣಿನ ಬಣ್ಣಕ್ಕೆ ತಿರುಗಿದೆ."

"ಅಕ್ಕ, ನಿನ್ನ ಒರತೆ ನೀರು ಹೇಗಿದೆ?"

"ಹಳದಿಯಾಗಿದೆ. ಮಳೆ ಅಲ್ವಾ."

"ಹೋದ ವರ್ಷ ಇದಕ್ಕಿಂತ ದೊಡ್ಡ ಮಳೆ ಬಂತು. ಆಗ ಹಳದಿಯಾಗಿತ್ತಾ?"

ಅವಳು ಬಳ್ಳಿ ಊರುವುದನ್ನು ನಿಲ್ಲಿಸಲಿಲ್ಲ.

"ನಾಲ್ಕು ದಿನ ನಮ್ಮನೆಗೆ ಬಾ," ಎಂದ ಪಿವಾ.

"ಬಂದು? ನಿನ್ನ ಹೆಂಡ್ತಿ ಸಿಡಿಮಿಡಿ ನೋಡ್ಕೊಂಡು ಕೂರ್ಲಾ? ಹಂದಿ ಇವತ್ತೋ ನಾಳೆಯೋ ಮರಿ ಹಾಕತ್ತೆ. ಈಗ ಅದನ್ನ ಎಬ್ಬಿಸಿ ಬೆಟ್ಟ ಹತ್ತಿಸ್ತೀನಾ ನಾನು?" ಆಮೇಲೆ ತುಸು ಮೆತ್ತಗೆ ಹೇಳಿದಳು: "ಹೆದರ್ಬೇಡ ಕಣೋ. ಏನೇ ಆದ್ರೂ ಮನೆ ಬಾಗಿಲು ಹಾಕ್ಕೊಂಡು ಒಳಗಿರ್ತೀನಿ. ಕತ್ತಲಾದ ಕಾಲದಲ್ಲಿ ಯಾರು ಉಳಿದ್ರು ಹೇಳು? ಒಳಗಿದ್ದೋರು."

ಆ ಕಥೆ ಗೊತ್ತಿಲ್ಲದವರು ಆ ಕಣಿವೆಯಲ್ಲಿ ಇರಲಿಲ್ಲ. ಮುತ್ತಜ್ಜಂದಿರ ಕಾಲದಲ್ಲಿ ಆಕಾಶ ಮುಚ್ಚಿ, ಹಗಲು ಇರುಳಾಗಿ, ದಿನಗಟ್ಟಲೆ ಮೇಲಿನಿಂದ ಮಣ್ಣು ಸುರಿಯಿತಂತೆ. ಹೊರಗೆ ಓಡಿದವರು ಹೂತುಹೋದರು, ಬಾಗಿಲು ಹಾಕಿಕೊಂಡು ಕೂತವರು ಬದುಕಿದರು. ಬೆಳಕಾದ ಮೇಲೆ ಹೊರಬಂದು, ಬಿದ್ದ ಆ ಮಣ್ಣಿನಲ್ಲಿ ನೆಟ್ಟ ಗೆಣಸು ತೊಡೆಗಾತ್ರ ಬಂತು. ನೆಲ ಗುಡುಗಿದರೆ ಒಳಗೆ ಹೋಗಿ ಕೂರಬೇಕೆಂದು ಪ್ರತಿ ತಾಯಿಯೂ ಮಕ್ಕಳಿಗೆ ಹೇಳಿಕೊಡುತ್ತಿದ್ದಳು. ಪಿವಾನಿಗೂ ವಾಂಡಿಮೆಗೂ ಹೇಳಿದವಳು ಒಬ್ಬಳೇ ತಾಯಿ.

"ಅದು ಮೇಲಿಂದ ಬಿದ್ದ ಮಣ್ಣಕ್ಕ," ಎಂದ ಪಿವಾ. ಅವಳು ಮುಂದಿನ ಗುಡ್ಡೆಗೆ ಸರಿದಳು.

ಮರುದಿನ ಮಳೆ ಹೊಳವಾಯಿತು. ಕಂದಕದಲ್ಲಿ ನೀರು ಒಂದು ಮೊಳದಷ್ಟು ಇಳಿದಿತ್ತು. ಇಷ್ಟು ನೀರು ಹೋಗಲಿಕ್ಕೆ ಬಾಯಿಲ್ಲ, ಆವಿಯಾಗುವ ಬಿಸಿಲೂ ಇಲ್ಲ. ಪಿವಾ ಕೆಳಗಿನ ದಂಡೆ ಹಿಡಿದು ನಡೆದ. ಹತ್ತು ಮಾರು ಕೆಳಗೆ, ಮರಗಳ ನಡುವೆ, ನೆಲ ಬಿರಿದಿತ್ತು. ಕೈ ತೂರುವಷ್ಟು ಅಗಲ, ಆಳ ಗೊತ್ತಾಗುತ್ತಿರಲಿಲ್ಲ. ಬಿರುಕಿನ ಆಚೆಗಿದ್ದ ಮರಗಳೆಲ್ಲ ಬೆಟ್ಟದ ಕಡೆಗೆ ಬೆನ್ನು ಚಾಚಿ ಒರಗಿದ್ದವು. ಅವನು ನೋಡುತ್ತಿದ್ದಂತೆಯೇ ಒಂದು ಬೇರು ದಾರ ಹರಿದಂತೆ ಟಪ್ಪೆಂದಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು.

ಪಿವಾ ಜಾರಿ, ಬಿದ್ದು, ಎದ್ದು ಓಡಿದ. ಅಕ್ಕನ ಮನೆಯ ಒರತೆ ನಿಂತುಹೋಗಿತ್ತು. ಗುಂಡಿಯ ತಳದಲ್ಲಿ ಬರೀ ಒದ್ದೆ ಮಣ್ಣು. ಕಾಲಡಿಯಲ್ಲಿ ನೆಲ ಗುಂಯ್ಗುಡುತ್ತಿತ್ತು. ಮನೆಯ ಬಾಗಿಲಿಗೆ ಹಲಗೆಗಳನ್ನು ಒಂದರ ಮೇಲೊಂದು ಜೋಡಿಸಿ ಮುಚ್ಚಿತ್ತು.

"ಅಕ್ಕಾ! ಹೊರಗೆ ಬಾ!"

"ನೀನೂ ಒಳಗೆ ಬಾರೋ!" ಒಳಗಿನಿಂದ ಅವಳು ಕೂಗಿದಳು. "ಹೊರಗೆ ನಿಲ್ಬೇಡ!"

ಗಂಡನಿಗೊಂದು ಮನೆ, ಹೆಂಡತಿಗೊಂದು ಮನೆ ಎನ್ನುವ ಆ ಸೀಮೆಯಲ್ಲಿ ಹೆಂಗಸಿನ ಮನೆಯ ಹೊಸ್ತಿಲನ್ನು ಬೆಳೆದ ಗಂಡಸು ದಾಟುವುದಿಲ್ಲ. ಒಡಹುಟ್ಟಿದವನಾದರೂ ಅಷ್ಟೆ. ಪಿವಾ ತನ್ನ ಮೂವತ್ತು ವರ್ಷಗಳಲ್ಲಿ ದಾಟಿರಲಿಲ್ಲ. ಹಲಗೆ ಕಿತ್ತೆಸೆದು ಬಗ್ಗಿ ಒಳನುಗ್ಗಿದ. ಹೊಗೆಯಲ್ಲಿ ಕಣ್ಣು ಕಾಣಲಿಲ್ಲ. ಅಕ್ಕ ಒಲೆಯ ಪಕ್ಕ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ಅವಳ ಕೈ ಹಿಡಿದು ಎಳೆದರೆ ಅವಳು ನಡುಗಂಬವನ್ನು ತಬ್ಬಿಕೊಂಡಳು.

ಅವನು ಕೈ ಬಿಟ್ಟು ಒಳಗಿನ ಗೂಡಿಗೆ ಹೋದ. ಗಬ್ಬದ ಹಂದಿಯ ಮುಂಗಾಲಿಗೆ ಹಗ್ಗ ಬಿಗಿದು, ಅದು ಕಿವಿ ಹರಿಯುವಂತೆ ಅರಚುತ್ತಿದ್ದರೂ ಬಾಗಿಲ ಕಡೆಗೆ ಎಳೆದ.

"ಏಯ್! ಬಿಡೋ ಅದನ್ನ! ಮರಿ ಸಾಯ್ತವೆ, ಮುಟ್ಟಾಳ! ಬಿಡು!"

ಅವನು ಬಿಡಲಿಲ್ಲ. ಹಂದಿಯನ್ನು ಎಳೆಯುತ್ತ, ದೂಡುತ್ತ, ತೋಟದ ಅಂಚು ದಾಟಿ ಪಕ್ಕದ ಬಂಡೆಯ ದಿಣ್ಣೆಗೆ ಹತ್ತಿಸಿದ. ಹಿಂದಿನಿಂದ ಅಕ್ಕ ಶಾಪ ಹಾಕುತ್ತ, ಅಳುತ್ತ, ಕೋಲಿನಿಂದ ಅವನ ಬೆನ್ನಿಗೆ ಹೊಡೆಯುತ್ತ ಬಂದಳು. ಏಳನೆಯ ಏಟೋ ಎಂಟನೆಯದೋ ಬೆನ್ನಿಗೆ ಬೀಳಲಿಲ್ಲ. ಅವನು ತಿರುಗಿದ. ಅವಳು ಕೋಲೆತ್ತಿದ ಕೈ ಹಾಗೇ ಇಟ್ಟುಕೊಂಡು ಹಿಂದಕ್ಕೆ ನೋಡುತ್ತಿದ್ದಳು.

ಕಾಡು ನಿಂತ ನಿಲುವಿನಲ್ಲೇ ಕೆಳಗಿಳಿದು ಬರುತ್ತಿತ್ತು. ಮೊದಲು ಮರಗಳು ನೆಟ್ಟಗೇ ಇದ್ದವು. ಆಮೇಲೆ ಅವುಗಳ ಕೆಳಗಿನ ನೆಲ ಗಂಜಿಯಾಯಿತು. ಗೆಣಸಿನ ಗುಡ್ಡೆಗಳು, ಮನೆ, ಒರತೆ, ಎಲ್ಲವೂ ಅದರೊಳಗೆ ಹೋದವು. ಅಷ್ಟು ದೊಡ್ಡದಕ್ಕೆ ತಕ್ಕ ಸದ್ದೂ ಇರಲಿಲ್ಲ.

ಅಲೆಂಬೊ ಬರುವಷ್ಟರಲ್ಲಿ ಹಂದಿ ಬಂಡೆಯ ಮರೆಯಲ್ಲಿ ಆರು ಮರಿ ಹಾಕಿತ್ತು. ಒಂದು ಸತ್ತಿತ್ತು. ಅವನು ಹೆಂಡತಿಯನ್ನು ನೋಡಿದ, ಹಂದಿಯನ್ನು ನೋಡಿದ, ಆಮೇಲೆ ತುಂಬಾ ಹೊತ್ತು ಇಳಿಜಾರನ್ನು ನೋಡಿದ. ಕಂದಕದ ಪಡುವಣದ ಅರ್ಧ ಹೋಗಿತ್ತು. ಗಾಳಿಮರದ ಕಡೆಗಿದ್ದ ಮೂಡಣದ ಅರ್ಧ ಮೇಲೆ ಹಾಗೇ ಉಳಿದಿತ್ತು. ಮುರಿದ ತುದಿಗೆ ಕೆಸರೂ ಮರಗಳೂ ಅಡ್ಡಬಿದ್ದು ಕಟ್ಟೆಯಾಗಿತ್ತು, ಒಳಗಿನ ನೀರು ಅಲ್ಲೇ ನಿಂತಿತ್ತು. ಅದರ ನೇರ ಕೆಳಗೆ ಅಲೆಂಬೊನ ತಮ್ಮಂದಿರ ಎರಡು ಮನೆ.

"ಅರ್ಧ ಹೋಯ್ತು," ಎಂದ ಅಲೆಂಬೊ. "ಅಂದ್ರೆ ಒಂದು ಹಂದಿ ಬಾಕಿ ಅಂತ ಲೆಕ್ಕ. ಮಳೆಗಾಲ ಹೋಗ್ಲಿ. ಸ್ವಲ್ಪ ಮೇಲಕ್ಕೆ ಸರಿದು ಮತ್ತೆ ತೋಡು."

"ತೋಡಲ್ಲ ಭಾವ."

"ಮತ್ತೆ ಹಂದಿ?"

"ಬಾಕಿ ಇರ್ಲಿ."

ವಾಂಡಿಮೆ ಮರಿಗಳನ್ನು ಒರೆಸುತ್ತಿದ್ದವಳು ತಲೆಯೆತ್ತಿದಳು. ಇಬ್ಬರಲ್ಲಿ ಯಾರ ಮುಖವನ್ನೂ ನೋಡದೆ ಹೇಳಿದಳು: "ಆ ಎರಡು ಮನೆಯೋರನ್ನ ಅಲ್ಲಿಂದ ಎಬ್ಬಿಸ್ರೋ ಮೊದ್ಲು."

ಪಿವಾ ಅಲೆಂಬೊ ತಂದಿದ್ದ ಸಲಿಕೆಯನ್ನು ಹೆಗಲಿಗೇರಿಸಿ ಮೇಲೆ ಹತ್ತತೊಡಗಿದ. ಎಲ್ಲಿಗೆ ಎಂದು ಅಲೆಂಬೊನಿಗೆ ತಡವಾಗಿ ಹೊಳೆಯಿತು.

"ಲೋ! ಆ ಮೂವತ್ತು ಹೆಜ್ಜೆಗೆ ಅವರು ಎಷ್ಟು ಹಂದಿ ಕೇಳ್ತಾರೆ ಗೊತ್ತೇನೋ?"

"ಕೇಳ್ಲಿ. ಅದೂ ನನ್ನ ತಲೆ ಮೇಲೇ ಇರ್ಲಿ."

ಗಾಳಿಮರ ದಾಟಿ ಅವನು ಆಚೆಯವರ ನೆಲಕ್ಕೆ ಸಲಿಕೆ ಹಾಕಿದಾಗ ಮತ್ತೆ ಹನಿ ಬೀಳತೊಡಗಿತ್ತು. ಹತ್ತು ಹೆಜ್ಜೆ ತೋಡುವಷ್ಟರಲ್ಲಿ ಕೊರಕಲಿನ ಆ ದಡದಲ್ಲಿ ಮೂವರು ಬಂದು ನಿಂತರು, ಆಮೇಲೆ ಐವರಾದರು. ಒಬ್ಬನ ಕೈಯಲ್ಲಿ ಬಿಲ್ಲಿತ್ತು. ಪಿವಾ ಒಮ್ಮೆ ಅವರ ಕಡೆ ನೋಡಿ, ತಲೆ ತಗ್ಗಿಸಿ, ಹನ್ನೊಂದನೆಯ ಹೆಜ್ಜೆಗೆ ಸಲಿಕೆ ಹಾಕಿದ.