ಎಫುವಾ ಆಂಟಿಯ ಬೊಫ್ರೋಟ್

ಖರ್ಜೂರ ಕುದಿಸುವ ಕಾಲ. ಒಮಾನಿನ ಇಬ್ರಾದ ತೋಟಗಳಲ್ಲಿ ಹಳದಿ ಗೊನೆಗಳು ಇಳಿಯುತ್ತಿದ್ದವು. ಹಂಡೆಗಳ ಕೆಳಗೆ ಬೆಂಕಿ ಬಿದ್ದು ವಾರವಾಗಿತ್ತು. ಪಕ್ಕದ ಹಕೀಂನ ತೋಟದಿಂದ ಗೋಡೆ ದಾಟಿ ಬರುವ ಹೊಗೆಗೆ ಬೆಲ್ಲದ ವಾಸನೆ. ಅಂಗಳದ ಮೂಲೆಯಲ್ಲಿ ಕ್ಯಾರೋಲಿನ್ ಕುಕ್ಕರುಗಾಲಲ್ಲಿ ಕೂತು ಮೈದಾ ಜರಡಿ ಹಿಡಿಯುತ್ತಿದ್ದಳು. ಒಳಗೆ ಎಫುವಾ ಆಂಟಿಯ ಶವಪೆಟ್ಟಿಗೆಯ ಸುತ್ತ ಜಪಸರದ ಪ್ರಾರ್ಥನೆ ನಡೆದಿತ್ತು. ಪ್ರಾರ್ಥನೆ ಒಂದು ಹಂತ ಮುಗಿಸಿ ಉಸಿರು ತೆಗೆದುಕೊಳ್ಳುವಾಗ ಹೊರಗೆ ಜರಡಿಯ ಸದ್ದು ಮಾತ್ರ ಕೇಳುತ್ತಿತ್ತು.

"ಆ ದೊಡ್ಡ ಬಾಣಲೆ ಯಾಕೆ ಹೊರಗೆ ಬಂತು?"

ಕೇಳಿದವಳು ಪ್ರಿನ್ಸಿ. ಎಫುವಾಳ ಗಂಡ ಎಲಿಯಾಸ್‌ನ ತಂಗಿ. ನಿನ್ನೆ ಮಸ್ಕತ್‌ನ ಬೌಷರ್‌ನಿಂದ ಬಂದವಳೇ ಅಣ್ಣನ ಮನೆಯನ್ನು ಬೀಗದ ಕೈಯಿಂದ ಮೇಣದ ಬತ್ತಿಯವರೆಗೆ ತನ್ನ ವಶಕ್ಕೆ ತೆಗೆದುಕೊಂಡಿದ್ದಳು.

"ಬೊಫ್ರೋಟ್ ಮಾಡ್ಲಿಕ್ಕೆ, ಪ್ರಿನ್ಸಿ ಆಂಟಿ. ಮಣ್ಣು ಕೊಟ್ಟು ಬಂದವರಿಗೆ ಬಿಸಿಬಿಸಿ ಕೊಡ್ಬೇಕು ಅಂತ ಎಫುವಾ ಆಂಟಿಯೇ ಹೇಳಿದ್ದು."

"ಸತ್ತ ಮನೆಯಲ್ಲಿ ಎಣ್ಣೆ ಕಾಯಿಸುದಾ? ನಿಂಗೆ ತಲೆ ಸರಿ ಉಂಟಾ ಮಾರಾಯ್ತಿ? ಮೂರು ದಿನ ಒಗ್ಗರಣೆ ಸಹ ಹಾಕುದಿಲ್ಲ ನಮ್ಮಲ್ಲಿ. ಗಂಜಿ, ಚಟ್ನಿ. ಅಷ್ಟೇ."

"ನನ್ನ ಅಡುಗೆಮನೆಯಲ್ಲಿ ಮಾಡ್ತೇನೆ."

"ಗೋಡೆ ಒಂದು, ಅಂಗಳ ಒಂದು. ಎರಡು ಬಾಗಿಲಿದ್ರೆ ಎರಡು ಮನೆ ಆಗುದಿಲ್ಲ. ನೀನು ಶಿರ್ವದವಳಲ್ವಾ? ನಿನ್ನ ಅಮ್ಮ ಕೇಳಿದ್ರೆ ಎಂತ ಹೇಳಿಯಾರು?"

ಅಮ್ಮ ಏನು ಹೇಳುತ್ತಾಳೆಂಬುದು ಕ್ಯಾರೋಲಿನ್‌ಗೆ ಚೆನ್ನಾಗಿ ಗೊತ್ತಿತ್ತು. ಪ್ರಿನ್ಸಿ ಹೇಳಿದ್ದನ್ನೇ, ಇನ್ನೂ ಸ್ವಲ್ಪ ಗಟ್ಟಿಯಾಗಿ ಹೇಳುತ್ತಿದ್ದಳು. ಕ್ಯಾರೋಲಿನ್ ಜರಡಿಯನ್ನು ಕೆಳಗಿಟ್ಟಳು. ಆದರೆ ಮೈದಾದ ಪಾತ್ರೆಯನ್ನು ಮುಚ್ಚಲಿಲ್ಲ.

ಪ್ರಾರ್ಥನೆ ಮುಗಿಯಿತು. ಕ್ಯಾರೋಲಿನ್‌ಳ ಗಂಡ ಡೆಸ್ಮಂಡ್ ವ್ಯಾನನ್ನು ಬಾಗಿಲಿಗೆ ತಂದ. ಸಮಾಧಿ ಮಸ್ಕತ್‌ನಲ್ಲಿ, ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ಎಲಿಯಾಸ್ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿ ಹೊರಗೆ ಬಂದರು. ತೋಟಗಳ ಪಂಪು ರಿಪೇರಿ ಮಾಡಿ ಮಾಡಿ ಗ್ರೀಸು ಇಳಿದ ಬೆರಳುಗಳು ಆ ಬಿಳಿ ತೋಳುಗಳಲ್ಲಿ ಬೇರೆ ಯಾರದೋ ಬೆರಳುಗಳ ಹಾಗೆ ಕಾಣುತ್ತಿದ್ದವು. ಮನೆಯವರೆಲ್ಲ ಬಿಳಿ ಉಟ್ಟಿದ್ದರು. ವಯಸ್ಸಾಗಿ, ತುಂಬಿ ಬಾಳಿದವರು ಹೋದರೆ ತನ್ನ ಊರಾದ ಘಾನಾದ ಎಲ್ಮಿನಾದಲ್ಲಿ ಬಿಳಿಯನ್ನೇ ಉಡುವುದೆಂದು ಎಫುವಾ ವರ್ಷಕ್ಕೊಮ್ಮೆಯಾದರೂ ಎಲ್ಲರಿಗೂ ಜ್ಞಾಪಿಸುತ್ತಿದ್ದಳು. ಕಪ್ಪು ಉಟ್ಟವಳು ಪ್ರಿನ್ಸಿ ಒಬ್ಬಳೇ.

"ನೀನು ಹತ್ತುದಿಲ್ವಾ ಮಗಾ?" ಎಂದು ಎಲಿಯಾಸ್ ಕೇಳಿದರು.

"ಬಂದ್ರೆ ನಿಮಗೆ ತಣ್ಣಗಿನದ್ದು ಕೊಡ್ಬೇಕಾಗ್ತದೆ, ಅಂಕಲ್."

ಎಲಿಯಾಸ್ ಬಾಣಲೆಯನ್ನು ನೋಡಿದರು. "ತಣ್ಣಗಿನದ್ದು ಅವಳಿಗೆ ಆಗುತ್ತಿರಲಿಲ್ಲ," ಎಂದಷ್ಟೇ ಹೇಳಿದರು.

ಪೆಟ್ಟಿಗೆಯನ್ನು ಎತ್ತಿದಾಗ ಕ್ಯಾರೋಲಿನ್ ಓಡಿಹೋಗಿ ಕೈ ಇಟ್ಟಳು. ಐದೂ ಬೆರಳು ಮೂಡುವಂತೆ ಹಿಟ್ಟಿನ ಗುರುತು ಮರದ ಮೇಲೆ ಉಳಿಯಿತು. ಪ್ರಿನ್ಸಿ ಒರೆಸಲೆಂದು ಕರ್ಚೀಫು ತೆಗೆದಳು, ಬಗ್ಗಿದಳು, ಯಾಕೋ ಮತ್ತೆ ಮಡಚಿ ಚೀಲದೊಳಗಿಟ್ಟುಕೊಂಡಳು.

* * *

ಹದಿನೇಳು ವರ್ಷದ ಹಿಂದೆ ಕ್ಯಾರೋಲಿನ್ ನರ್ಸ್ ಕೆಲಸಕ್ಕೆಂದು ಇಬ್ರಾಕ್ಕೆ ಬಂದಾಗ ಹೊಟ್ಟೆಯಲ್ಲಿ ಮಗಳು ಕ್ರಿಸ್ಟಲ್ ಇದ್ದಳು. ಒಂದು ತುತ್ತು ಒಳಗೆ ನಿಲ್ಲುತ್ತಿರಲಿಲ್ಲ. ಗಂಜಿ ಕಂಡರೆ ಓಕರಿಕೆ, ಮೀನಿನ ಹೆಸರು ಹೇಳಿದರೆ ಓಕರಿಕೆ. ಅಂಗಳದ ಆಚೆ ಬಾಗಿಲಿನ ಮನೆಯಿಂದ ಒಬ್ಬ ಎತ್ತರದ ಕಪ್ಪು ಹೆಂಗಸು, ತಲೆಗೆ ಹೂವಿನ ಬಟ್ಟೆ ಸುತ್ತಿಕೊಂಡವಳು, ತಟ್ಟೆ ಹಿಡಿದು ಬಂದು ನಿಂತಳು.

"ಖಾ," ಎಂದಳು ಕೊಂಕಣಿಯಲ್ಲಿ. ತಿನ್ನು ಎಂದು. ಘಾನಾದ ಟಕೋರಾಡಿಯ ಮರದ ಕಂಪನಿಯಲ್ಲಿ ಮೆಕ್ಯಾನಿಕ್ ಆಗಿದ್ದ ಎಲಿಯಾಸ್‌ನನ್ನು ಮದುವೆಯಾಗಿ ಅವನ ಹಿಂದೆಯೇ ಒಮಾನ್‌ಗೆ ಬಂದವಳು. ಗಂಡನ ಭಾಷೆಯ ಎಲ್ಲ ಕ್ರಿಯಾಪದಗಳನ್ನೂ ಆಜ್ಞೆಯ ರೂಪದಲ್ಲಿಯೇ ಕಲಿತಿದ್ದಳು.

ತಟ್ಟೆಯಲ್ಲಿದ್ದದ್ದು ತೆಂಗಿನಕಾಯಿಯ ಮಿಠಾಯಿ. ತುರಿಯನ್ನು ಸಕ್ಕರೆಯಲ್ಲಿ ಕಂದು ಬರುವವರೆಗೆ ಹುರಿದು, ಶುಂಠಿ ಜಜ್ಜಿ ಹಾಕಿ, ಕೈಯಲ್ಲೇ ಉಂಡೆ ಹಿಡಿದದ್ದು. ಕ್ಯಾರೋಲಿನ್ ಒಂದು ತಿಂದಳು. ನಿಂತಿತು. ಇನ್ನೊಂದು ತಿಂದಳು. ಅದೂ ನಿಂತಿತು. ಆಮೇಲೆ ಒಂದು ತಿಂಗಳು ಅವಳನ್ನೂ ಹೊಟ್ಟೆಯ ಮಗುವನ್ನೂ ಸಾಕಿದ್ದು ಆ ಉಂಡೆಗಳೇ.

ಹೆರಿಗೆಯಾದ ಮೇಲೆ ಕ್ಯಾರೋಲಿನ್ ಊರಿನಿಂದ ತರಿಸಿದ ಒಂದು ಸೀರೆ ಹಿಡಿದು ಆಚೆ ಬಾಗಿಲಿಗೆ ಹೋದಳು. ಎಫುವಾ ಸೀರೆಯನ್ನು ಮುಟ್ಟಲಿಲ್ಲ.

"ಸಾಲ ಇರಲಿ," ಎಂದಳು. "ನಾನು ಹೋದ ದಿನ ತೀರಿಸು. ನಮ್ಮೂರಲ್ಲಿ ಹೂಳಿ ಬಂದವರು ತಣ್ಣಗಿನ ಒಲೆಗೆ ಬರಬಾರದು. ನೀನು ಬೊಫ್ರೋಟ್ ಕರಿ. ಬಿಸಿ ಇರಬೇಕು. ತಿಳಿಯಿತಾ? ಖಲಾಸ್."

ಕ್ಯಾರೋಲಿನ್ ನಕ್ಕು ಒಪ್ಪಿಕೊಂಡಳು. ಆಗ ಎಫುವಾಗೆ ಸಾಯುವ ವಯಸ್ಸೂ ಆಗಿರಲಿಲ್ಲ, ಕ್ಯಾರೋಲಿನ್‌ಗೆ ಬೊಫ್ರೋಟ್ ಅಂದರೆ ಏನೆಂದೂ ಗೊತ್ತಿರಲಿಲ್ಲ.

ಗೊತ್ತಾದಾಗ ತೊಂದರೆ ಶುರುವಾಯಿತು. ನೋಡಲು ನಮ್ಮ ಗೋಳಿಬಜೆಯ ಅಕ್ಕನ ಹಾಗೆ. ಆದರೆ ಸಿಹಿ, ಜಾಯಿಕಾಯಿಯ ಪರಿಮಳ, ಈಸ್ಟಿನಲ್ಲಿ ಹುದುಗಿ ಒಳಗೆ ಜೇನುಗೂಡು. ಕ್ಯಾರೋಲಿನ್ ಮೊದಲ ಸಲ ಕೈ ತಾನಾಗಿ ಹೋಯಿತೆಂದು ಹಿಟ್ಟಿಗೆ ಮೊಸರು ಹಾಕಿಬಿಟ್ಟಿದ್ದಳು. ಎಫುವಾ ಒಂದು ಕಚ್ಚಿ, ಅಗಿದು, "ಒಳ್ಳೆಯದುಂಟು. ಇದಕ್ಕೆ ಬೇರೆ ಹೆಸರು ಇಡು," ಎಂದಿದ್ದಳು.

ಕೈಯ ಕೆಲಸ ಇನ್ನೂ ಕಷ್ಟದ್ದು. ಗೋಳಿಬಜೆಯನ್ನು ಬೆರಳ ತುದಿಯಿಂದ ಜಾರಿಸಬೇಕು. ಇದನ್ನು ಹಾಗಲ್ಲ. ಮುಷ್ಟಿ ತುಂಬ ಹಿಟ್ಟು ಹಿಡಿದು ಅಂಗೈ ಬಿಗಿದರೆ ಹೆಬ್ಬೆರಳು ತೋರುಬೆರಳ ನಡುವಿನಿಂದ ಗುಂಡಗೆ ಉಬ್ಬಿ ಬರುತ್ತದೆ. ಅದನ್ನು ಕತ್ತರಿಸಿ ಎಣ್ಣೆಗೆ ಬಿಡಬೇಕು. ಸರಿಯಾಗಿ ಗುಂಡಗಿದ್ದರೆ ಒಂದು ಮಗ್ಗುಲು ಬೆಂದ ಕೂಡಲೇ ತಾನೇ ಮಗುಚಿಕೊಳ್ಳುತ್ತದೆ. ಸೌಟು ಮುಟ್ಟಿಸುವ ಹಾಗಿಲ್ಲ. ಕ್ಯಾರೋಲಿನ್‌ಳವು ಮಗುಚುತ್ತಿರಲಿಲ್ಲ. ಒಂದೊಂದಕ್ಕೂ ಬಾಲ. ಅವಳು ಸೌಟಿನಿಂದ ತಿರುಗಿಸಿದರೆ ಎಫುವಾ ಸೌಟು ಕಿತ್ತುಕೊಳ್ಳುತ್ತಿದ್ದಳು.

"ಅದೇ ಏಳಲಿ. ನಿನ್ನ ಮಕ್ಕಳನ್ನೂ ಹೀಗೆ ಹಿಡಿದು ತಿರುಗಿಸ್ತೀಯಾ?"

ಹದಿನೇಳು ವರ್ಷದಲ್ಲಿ ಕ್ರಿಸ್ಟಲ್ ತಾಯಿಯ ಭುಜ ಮೀರಿ ಬೆಳೆದಳು. ಬೊಫ್ರೋಟ್ ಮಾತ್ರ ಬಾಲ ಬಿಡಲಿಲ್ಲ.

* * *

ವ್ಯಾನು ಹೋದ ಮೇಲೆ ಕ್ಯಾರೋಲಿನ್ ಬಾಣಲೆ, ಮೈದಾ, ಎಣ್ಣೆಯ ಕ್ಯಾನುಗಳ ನಡುವೆ ಒಬ್ಬಳೇ ಉಳಿದಳು. ಪ್ರಿನ್ಸಿಯ ಮಾತನ್ನು ಮೀರಬಹುದಿತ್ತು. ನೋಡಲು ಯಾರೂ ಇರಲಿಲ್ಲ. ಆದರೆ ಗ್ಯಾಸಿನ ಮುಂದೆ ನಿಂತು ಲೈಟರು ಹಿಡಿದಾಗ ಕೈ ಒಪ್ಪಲಿಲ್ಲ. ಅಜ್ಜಿ ತೀರಿಕೊಂಡ ದಿನ ಅಪ್ಪಳ ಬೇಕೆಂದು ಅತ್ತು ಪೆಟ್ಟು ತಿಂದದ್ದು ನೆನಪಾಯಿತು. ಸಾಲ ತೀರಿಸದಿದ್ದರೆ ಎಫುವಾ ಆಂಟಿಗೆ ಮೋಸ. ತೀರಿಸಿದರೆ, ಎಲಿಯಾಸ್ ಅಂಕಲ್ ತಿಂದ ತುತ್ತು ಅಶುಭದ ತುತ್ತು ಎಂದು ಅವರ ತಂಗಿಯೇ ಎಲ್ಲರ ಮುಂದೆ ಹೇಳಿಯಾಳು.

ಗೋಡೆಯ ಮೇಲೆ ಒಂದು ತಲೆ ಕಾಣಿಸಿತು. ಅಫ್ರಾಜ್. ಭಟ್ಕಳದವನು, ಹಕೀಂನ ತೋಟದ ಉಸ್ತುವಾರಿ.

"ಅಕ್ಕಾ, ಚಾ ಕೊಡ್ಬೇಕಾ? ನಾವು ಹಂಡೆ ಇಳಿಸಿದ್ದೇವೆ ಇವತ್ತು. ಎಫುವಾಮ್ಮನ ದಿನ ಕೆಲಸ ಬೇಡ ಅಂತ ಹಕೀಂ ಸಾಹೇಬರು ಹೇಳಿದ್ರು. ಬೆಂಕಿ ಮಾತ್ರ ಸುಮ್ಮನೆ ಉರೀತಾ ಉಂಟು."

ಕ್ಯಾರೋಲಿನ್ ಲೈಟರನ್ನು ಕಿಸೆಗೆ ಹಾಕಿದಳು.

"ಆ ಬೆಂಕಿ ಯಾರದ್ದು, ಅಫ್ರಾಜ್?"

"ಬೆಂಕಿ ಯಾರದ್ದು ಅಂದ್ರೆ? ಖರ್ಜೂರದ್ದು."

ಸತ್ತ ಮನೆಯದ್ದಲ್ಲವಲ್ಲ, ಅಷ್ಟು ಸಾಕಾಯಿತು. ಅವಳು ಬಾಣಲೆಯನ್ನು ಗೋಡೆಯ ಮೇಲಿಟ್ಟಳು. ಆಚೆಯಿಂದ ನಾಲ್ಕು ಕೈಗಳು ಅದನ್ನು ಇಳಿಸಿಕೊಂಡವು.

ಖರ್ಜೂರದ ಒಲೆ ಮನುಷ್ಯ ಇಳಿದು ನಿಲ್ಲುವಷ್ಟು ದೊಡ್ಡದು. ಅದರ ಬಾಯಿಗೆ ಕ್ಯಾರೋಲಿನ್‌ಳ ಬಾಣಲೆ ತಟ್ಟೆಯ ಹಾಗೆ ಕಂಡಿತು. ಅಫ್ರಾಜ್ ಹಳೆಯ ಪಂಪಿನ ಎರಡು ಕಬ್ಬಿಣದ ಪೈಪುಗಳನ್ನು ಅಡ್ಡ ಹಾಕಿ ಕೂರಿಸಿದ. ಹಿಟ್ಟು ಕಲಸಿ ಮುಚ್ಚಿಟ್ಟದ್ದಷ್ಟೇ. ಜುಲೈಯ ಸೆಕೆಗೆ ಈಸ್ಟು ಹುಚ್ಚೆದ್ದು, ಚಹಾ ಕುಡಿದು ಬರುವುದರೊಳಗೆ ಬಟ್ಟೆಯನ್ನೇ ಎತ್ತಿ ನಿಂತಿತ್ತು. ಅವಳು ಗುದ್ದಿ ಇಳಿಸಿದಳು. ಮತ್ತೆ ಎದ್ದಿತು.

ಅಷ್ಟರಲ್ಲಿ ಸ್ಮಶಾನದಿಂದ ಕ್ರಿಸ್ಟಲ್‌ಳ ಫೋನು. ಕ್ಯಾರೋಲಿನ್‌ಳ ಎರಡೂ ಕೈ ಹಿಟ್ಟಿನಲ್ಲಿದ್ದವು. ಅಫ್ರಾಜ್ ಫೋನನ್ನು ಅವಳ ಕಿವಿಗೆ ಹಿಡಿದ.

"ಮಮ್ಮಾ, ಜಸ್ಟ್ ಲಿಸನ್, ಓಕೆ?"

ಮಸ್ಕತ್‌ನ ಘಾನಾದವರು ಬಂದಿದ್ದರು. ಡೋಲು, ಚಪ್ಪಾಳೆ, ಹೆಂಗಸರ ಎತ್ತರದ ದನಿ. ನಡುವೆ ಮಂಗಳೂರಿನವರು ಕೊಂಕಣಿ ಕೀರ್ತನೆ ಶುರುಮಾಡಿ, ಡೋಲಿನ ಗತಿಗೆ ಸಿಕ್ಕಿ, ಬೇಗಬೇಗ ಹಾಡಬೇಕಾಗಿ ಬಂದು, ಕೊನೆಗೆ ಯಾರೋ ನಕ್ಕದ್ದು ಕೇಳಿಸಿತು. ಮಣ್ಣು ಬಿದ್ದ ಸದ್ದು ಕೇಳಿಸಲಿಲ್ಲ. ಕ್ಯಾರೋಲಿನ್ ಹಿಟ್ಟಿನ ಕೈಯನ್ನು ಮೇಲಕ್ಕೆ ಹಿಡಿದು ಹಾಗೆಯೇ ನಿಂತಳು. ಅಫ್ರಾಜ್ ಮುಖ ಆಚೆ ತಿರುಗಿಸಿಕೊಂಡಿದ್ದ.

ವ್ಯಾನು ಇಬ್ರಾದ ಹತ್ತಿರ ಬಂತೆಂದು ಡೆಸ್ಮಂಡ್ ಫೋನಿನಲ್ಲಿ ಹೇಳಿದಾಗ ಎಣ್ಣೆ ಒಲೆಗೆ ಏರಿತು. ಮೊದಲ ಸುತ್ತು ಇದ್ದಿಲು. ಅಫ್ರಾಜ್ ಉರಿಯುವ ಖರ್ಜೂರದ ಮಟ್ಟೆಗಳನ್ನು ಹೊರಗೆ ಎಳೆದು ಹಾಕಿದ. ಎರಡನೆಯ ಸುತ್ತು ಹೊರಗೆ ಕೆಂಪು, ಒಳಗೆ ಹಸಿ.

"ಇನ್ನೊಂದು ಸಲ ಹಾಳಾದ್ರೆ ನಾವು ಖರ್ಜೂರ ಕೊಟ್ಟು ಕಳಿಸುವ ಅಕ್ಕಾ, ಬೇಜಾರು ಮಾಡ್ಬೇಡಿ."

"ನೀನು ಬಾಯಿ ಮುಚ್ಚಿ ಬೆಂಕಿ ನೋಡು."

ಮೂರನೆಯ ಸಲ ಅವಳು ಮುಷ್ಟಿ ಬಿಗಿದಳು, ಕತ್ತರಿಸಿದಳು, ಬಿಟ್ಟಳು. ಸೌಟನ್ನು ದೂರ ಇಟ್ಟಳು. ಬೊಫ್ರೋಟ್‌ಗಳು ಮುಳುಗಿ, ಎದ್ದು, ತೇಲುತ್ತ ನಿಂತವು. ಏನೂ ಆಗಲಿಲ್ಲ. ಅವಳ ಕೈ ಸೌಟಿನ ಕಡೆ ಹೋಯಿತು, ನಿಂತಿತು. ಆಗ ಅಂಚಿನ ಒಂದು ಮೆಲ್ಲಗೆ ವಾಲಿ, ನಿದ್ದೆಯಲ್ಲಿ ಮಗ್ಗುಲು ಬದಲಿಸುವ ಮಗುವಿನ ಹಾಗೆ, ಕಂದು ಬೆನ್ನನ್ನು ಮೇಲೆ ಮಾಡಿತು. ಅದರ ಪಕ್ಕದ್ದು ಮಗುಚಿತು. ಆಮೇಲೆ ಬಾಣಲೆಯ ತುಂಬ ಎಲ್ಲವೂ.

"ಅಕ್ಕಾ," ಎಂದ ಅಫ್ರಾಜ್, "ಇದಕ್ಕೆ ಜೀವ ಉಂಟಾ?"

* * *

ವ್ಯಾನಿನಿಂದ ಇಳಿದವರು ಮನೆಯ ಕಡೆ ಹೋಗಲಿಲ್ಲ. ವಾಸನೆ ಹಿಡಿದು ನೇರ ತೋಟದ ಬಾಗಿಲಿಗೆ ಬಂದರು. ಎಲಿಯಾಸ್ ಮುಂದೆ, ಪ್ರಿನ್ಸಿ ಹಿಂದೆ. ಖರ್ಜೂರದ ನೆರಳಿನಲ್ಲಿ ಚಾಪೆ ಹಾಸಿತ್ತು. ಪ್ರಿನ್ಸಿ ಒಲೆಯನ್ನು ನೋಡಿದಳು, ಗೋಡೆಯನ್ನು ನೋಡಿದಳು, ಗೋಡೆಯ ಆಚೆಗಿರುವ ಮನೆಯನ್ನು ಲೆಕ್ಕ ಹಾಕಿದಳು.

"ವಕೀಲಿ ಓದಬೇಕಿತ್ತು ನೀನು," ಎಂದಳು ಕ್ಯಾರೋಲಿನ್‌ಗೆ.

ಎಲಿಯಾಸ್ ಒಂದನ್ನು ತೆಗೆದುಕೊಂಡು, ಬಿಸಿಗೆ ಅಂಗೈಯಿಂದ ಅಂಗೈಗೆ ಹಾಕಿ, ಮುರಿದು ಒಳಗೆ ನೋಡಿದರು. ಪಂಪಿನ ಬೇರಿಂಗನ್ನು ನೋಡುವ ಹಾಗೆ ನೋಡಿದರು. ಬಾಯಿಗಿಟ್ಟರು. ಎಲ್ಲರೂ ಕಾದರು.

"ಇನ್ನೊಂದು ಕೊಡು," ಎಂದರು.

ತಟ್ಟೆಗಳು ಓಡಾಡತೊಡಗಿದವು. ಆಗ ಹಕೀಂನ ತಾಯಿ ಝುವೈನಾ, ಬುಧವಾರದ ಹೆಂಗಸರ ಸಂತೆಯಲ್ಲಿ ಎಫುವಾಳ ಪಕ್ಕದಲ್ಲಿ ಕೂತು ಬಟ್ಟೆ ಮಾರುತ್ತಿದ್ದವಳು, ತಲೆಯ ಮೇಲೆ ಹರಿವಾಣ ಹೊತ್ತು ಬಂದಳು. ತುಂಬ ತೆಂಗಿನ ಮಿಠಾಯಿ; ಶುಂಠಿಯ ಜೊತೆಗೆ ಗುಲಾಬಿ ನೀರೂ ಬಿದ್ದಿತ್ತು. ಅವಳು ಅರಬಿಯಲ್ಲಿ ಒಂದೇ ಉಸಿರಿಗೆ ಏನೋ ಹೇಳಿದಳು. ಅಫ್ರಾಜ್ ಕನ್ನಡ ಮಾಡಿದ:

"ಎಫುವಾಮ್ಮ ಇವರಿಗೂ ಹೇಳಿದ್ರಂತೆ. ನೀನು ನನಗೆ ಸಾಲ ಇದ್ದೀಯ, ನಾನು ಹೋದ ದಿನ ಮಿಠಾಯಿ ಮಾಡಿ ತೀರಿಸು ಅಂತ. ಯಾವ ಸಾಲ ಅಂತ ಇವರಿಗೆ ಈಗ ನೆನಪಿಲ್ಲವಂತೆ. ಕೇಳುವ ಅಂದ್ರೆ ಅವರು ಹೋಗಿ ಆಯ್ತು, ಮಾಡಿದ್ದೇನೆ, ತಿನ್ನಿ ಅಂತಿದ್ದಾರೆ."

ಕ್ಯಾರೋಲಿನ್ ಸೌಟು ಹಿಡಿದಲ್ಲೇ ನಿಂತಳು. "ನನಗೊಬ್ಬಳಿಗೇ ಹೇಳಿದ್ದು ಅಂತ ಇದ್ದೆ, ಅಂಕಲ್."

ಎಲಿಯಾಸ್‌ಗೆ ನಗು ಬಂತು. ಬೆಳಗಿನಿಂದ ಬಿಗಿದಿದ್ದ ಹೆಗಲು ಅಲುಗಿ ಅಲುಗಿ, ಕಣ್ಣೊರೆಸಿಕೊಳ್ಳುವಷ್ಟು ಬಂತು. "ಅವಳು ಎಷ್ಟು ಜನರ ಹತ್ತಿರ ಹೀಗೆ ಹೇಳಿಟ್ಟಿದ್ದಾಳೋ. ಇನ್ನು ಯಾರೆಲ್ಲ ಉಂಟು ನೋಡುವ."

ಪ್ರಿನ್ಸಿ ಚಾಪೆಯ ಅಂಚಿನಲ್ಲಿ ಕೂತಿದ್ದಳು. ಇನ್ನೂ ಏನೂ ಮುಟ್ಟಿರಲಿಲ್ಲ. ಅವಳು ಸೆರಗು ಸರಿಮಾಡಿಕೊಂಡು ಎದ್ದಳು.

"ಡೆಸ್ಮಂಡ್, ನನ್ನ ಕಾರಿನ ಕೀ ನಿನ್ನ ಹತ್ತಿರ ಅಲ್ವಾ?"

"ಉಂಟು. ಹೊರಟ್ರಾ ಆಂಟಿ?"

"ಕೀ ಕೊಡು ಅಂದೆ."

ಮರಳಿ ಬಂದಾಗ ಅವಳ ಸೊಂಟದ ಮೇಲೆ ಬಿಸ್ಕತ್ತಿನ ದೊಡ್ಡ ಡಬ್ಬಿ ಇತ್ತು. ಯಾರ ಮುಖವನ್ನೂ ನೋಡದೆ ಎಲಿಯಾಸ್‌ನ ಮುಂದೆ ಇಟ್ಟಳು. "ನೆಲಗಡಲೆಯ ಮಿಠಾಯಿ. ಅತ್ತಿಗೆ ಹೇಳಿಕೊಟ್ಟ ಹಾಗೇ ಮಾಡಿದ್ದು. ಬೌಷರ್‌ನಲ್ಲಿ ಮಾಡಿದ್ದು, ಇಲ್ಲಿ ಅಲ್ಲ," ಎಂದಳು. "ಸಾಲ ಅಂತ ನನಗೂ ಹೇಳಿ ಹತ್ತು ವರ್ಷ ಆಯ್ತು. ಸತ್ತ ಮನೆಗೆ ಸಿಹಿ ಹೇಗೆ ಒಳಗೆ ತರುದು ಅಂತ ನಿನ್ನೆಯಿಂದ ಡಿಕ್ಕಿಯಲ್ಲೇ ಇತ್ತು."

ಮುಚ್ಚಳ ತೆಗೆದರು. ಎರಡು ದಿನದ ಬಿಸಿಲಿಗೆ ಬಿಲ್ಲೆಗಳೆಲ್ಲ ಕರಗಿ, ಒಂದಕ್ಕೊಂದು ಅಂಟಿ, ಡಬ್ಬಿಯ ಆಕಾರದ ಒಂದೇ ಚಪ್ಪಡಿಯಾಗಿದ್ದವು. ಕ್ರಿಸ್ಟಲ್ ಬೆರಳಿನಿಂದ ತಟ್ಟಿ ನೋಡಿದಳು. ಟಣ್ ಎಂದಿತು.

ಪ್ರಿನ್ಸಿ ಕಪ್ಪು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಡಬ್ಬಿಯನ್ನು ಚಾಪೆಯ ಪಕ್ಕ ಹರಿಯುವ ಕಾಲುವೆಯ ಕಟ್ಟೆಯ ಮೇಲೆ ಮಗುಚಿ, ಅಫ್ರಾಜ್‌ನಿಂದ ಸುತ್ತಿಗೆ ಇಸಿದುಕೊಂಡಳು. ಮೊದಲ ಏಟಿಗೆ ಏನೂ ಆಗಲಿಲ್ಲ. ಎರಡನೆಯದಕ್ಕೆ ಚಪ್ಪಡಿ ನಕ್ಷತ್ರದ ಹಾಗೆ ಬಿರಿಯಿತು; ಚೂರುಗಳು ಚಾಪೆಯ ಮೇಲೆ, ಎಲಿಯಾಸ್‌ನ ಬಿಳಿ ಶರ್ಟಿನ ಮಡಿಲಲ್ಲಿ, ಕಾಲುವೆಯ ನೀರಿನಲ್ಲಿ ಬಿದ್ದವು. ನೀರಿಗೆ ಬಿದ್ದದ್ದು ಕೆಳಗಿನ ತೋಟಗಳ ಕಡೆ ಹೊರಟಿತು, ಹಕೀಂನ ತಾಯಿ ಎರಡೂ ಕೈಯಲ್ಲಿ ಬಟ್ಟೆ ಎತ್ತಿ ಹಿಡಿದು ಅದರ ಹಿಂದೆ ಓಡಿದಳು.